ಹತ್ತು ಗೀರು

ಮೂಡಲಗಿ
3 ನವೆಂಬರ್ 2024

ಅಕ್ಕಾ,

ನನ್ನ ಅಕ್ಷರ ನೋಡಿ ನಗಬೇಡ. ಸಾಲಿ ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಸಹಿ ಮಾಡಲಿಕ್ಕೆ ಮಾತ್ರ. ದೀಪಾವಳಿ ಮುಗಿಯುತ್ತಲೇ ಕುಸ್ತಿ ಕಲಿಸುವ ವಸ್ತಾದ ಮುರಿಗೆಪ್ಪನವರು ತಾಲೀಮಿನಲ್ಲಿ ಉಳಿದುಕೊಂಡಿರುವ ಹನ್ನೊಂದೂ ಪೈಲವಾನರ ಮೊಬೈಲು ಕಸಿದು ಟ್ರಂಕಿಗೆ ಹಾಕಿ ಕೀಲಿ ಜಡಿದಿದ್ದಾರೆ. "ಹುಕ್ಕೇರಿ ಕುಸ್ತಿ ಆಗೂತನಕ ಯಾರಿಗೂ ಫೋನಿಲ್ಲ. ಮನಿ ನೆನಪಾದ್ರ ಕಾಗದಾ ಬರೀರಿ," ಎಂದರು. ಕುಸ್ತಿ ಇರುವುದು ಫೆಬ್ರುವರಿ ಹದಿನಾರಕ್ಕೆ. ಅಲ್ಲಿಯವರೆಗೆ ನಿನಗೆ ಈ ಕಾಗೆ ಕಾಲಿನ ಅಕ್ಷರವೇ ಗತಿ.

ಹೋದ ವರ್ಷ ಹುಕ್ಕೇರಿಯಲ್ಲಿ ಸಂಕೇಶ್ವರದ ಪೈಲವಾನ ನನ್ನನ್ನು ಗೋಣಿಚೀಲ ಎತ್ತಿದ ಹಾಗೆ ಎತ್ತಿ ಒಗೆದದ್ದು ನೆನಪಿದೆಯಲ್ಲ? ಅವನದು ಎಂಬತ್ತಾರು ಕಿಲೋ, ನನ್ನದು ಎಪ್ಪತ್ತೊಂಬತ್ತು. ಈ ಸಲ ಅವನೇ ಎದುರಾಳಿ. ಅದಕ್ಕೆ ವಸ್ತಾದರು ಒಂದು ಡಬ್ಬಿ ತಂದಿದ್ದಾರೆ. ಹೆಬ್ಬೆರಳಷ್ಟು ಎತ್ತರದ ಸೀಸೆಗಳು, ಒಳಗೆ ಬಿಳಿ ಪುಡಿ. ಹೆಸರು ಪೆಪ್ಟೈಡ್. ಹುಡುಗರು ಆ ಹೆಸರನ್ನು ಆಗಲೇ ಪೆಪ್ಪರಮಿಂಟ್ ಮಾಡಿಕೊಂಡಿದ್ದಾರೆ. "ಇದು ಹೊರಗಿನ ಹಾರ್ಮೋನ್ ಅಲ್ಲ. ನಿಮ್ಮ ಮೈಯಾಗ ಇದ್ದದ್ದನ್ನ ಹೊರಗ ತರತೈತಿ, ಅಷ್ಟ. ಎಲ್ಲಾ ನ್ಯಾಚುರಲ್," ಎನ್ನುತ್ತಾರೆ ವಸ್ತಾದರು. ಸೀಸೆಯ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದೆ ಎಂದು ಹನಮಂತ ಓದಿ ಹೇಳಿದ. ಹನಮಂತ ಎಂದರೆ ನನ್ನ ಬಾಜೂ ಮಲಗುವವನು, ಯಮಕನಮರಡಿಯವನು, ಇನ್ನೂ ಹತ್ತೊಂಬತ್ತು. ಅವನ ಅಪ್ಪ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡಿದ್ದಾರೆ. ತಾಯಿ ಅಲ್ಲವ್ವನಿಗೆ ಇವನೊಬ್ಬನೇ.

ಸೀಸೆಗೆ ಎರಡು ಎಂ.ಎಲ್. ನೀರು ಬೆರೆಸಿ, ಮಲಗುವ ಮುಂಚೆ ಹತ್ತು ಯೂನಿಟ್ ಚುಚ್ಚಬೇಕಂತೆ. ನೀನು ಗೋಕಾಕದ ಲ್ಯಾಬಿನಲ್ಲಿ ದಿನಾ ಊರವರ ರಕ್ತ ಹೀರುವವಳು. ಯೂನಿಟ್ ಎಂದರೆ ಏನು? ಇದು ನಿಜವಾಗಿ ಕೆಲಸ ಮಾಡುತ್ತದೆಯೇ? ನೀನು ಹೂಂ ಎಂದರೆ ಶುರು ಮಾಡುತ್ತೇನೆ.

ಅವ್ವನಿಗೆ ಹೇಳಬೇಡ.

ನಿನ್ನ ತಮ್ಮ,
ಪ್ರಭು


ಗೋಕಾಕ
9 ನವೆಂಬರ್ 2024

ಪೈಲವಾನರೇ,

ಅಕ್ಷರ ನೋಡಿ ನಕ್ಕೆ. ವಿಷಯ ಓದಿದ ಮೇಲೆ ನಗು ಹೋಯಿತು.

ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಬೆಳವಣಿಗೆಯ ಹಾರ್ಮೋನ್ ತಯಾರಾಗುವುದು ಅಲ್ಲಿ. ಗಾಢ ನಿದ್ದೆಯಲ್ಲಿ, ಮೈ ಮುರಿದು ದುಡಿದಾಗ, ಹಸಿದಾಗ ಅದು ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ನಿನ್ನ ಪೆಪ್ಪರಮಿಂಟು ಆ ಗ್ರಂಥಿಗೆ ಹೋಗಿ 'ಬಿಡು' ಎಂದು ಹೇಳುತ್ತದೆ. ಮರಿ ಕೆಚ್ಚಲಿಗೆ ಗುದ್ದಿದರೆ ಕುರಿ ಹಾಲು ಇಳಿಸುತ್ತದಲ್ಲ, ಹಾಗೆ. ಅಷ್ಟರ ಮಟ್ಟಿಗೆ ನಿಮ್ಮ ವಸ್ತಾದರು ಸುಳ್ಳು ಹೇಳಿಲ್ಲ. ಆದರೆ ಹಾಲು ತಾಯಿಯದೇ ಆದರೂ ಮರಿ ಹೊತ್ತುಗೊತ್ತಿಲ್ಲದೆ ಗುದ್ದಿದರೆ ಕೆಚ್ಚಲಿನ ಗತಿ ಏನಾಗುತ್ತದೆ ಎಂದು ಅಪ್ಪನನ್ನು ಕೇಳು. ಈ ಹಾರ್ಮೋನ್ ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕೈ ಜೋಮು ಹಿಡಿಯುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಎತ್ತರ ಬೆಳೆಯುವ ಆಸೆಯಂತೂ ಬೇಡ. ಇಪ್ಪತ್ತೆರಡಕ್ಕೆ ಎಲುಬು ಉದ್ದವಾಗುವುದಿಲ್ಲ, ದಪ್ಪವಾದೀತು.

ಹಾಗಾಗಿ ಬೇಡ ಎನ್ನುತ್ತೇನೆ. ನಾನು ಬೇಡ ಎಂದರೂ ನೀನು ಚುಚ್ಚಿಕೊಳ್ಳುತ್ತೀ ಎಂಬುದೂ ಗೊತ್ತು. ಕದ್ದು ಮಾಡುವುದಕ್ಕಿಂತ ಬರೆದಿಟ್ಟು ಮಾಡು. ಒಂದು ಪಟ್ಟಿ ಗೆರೆ ಎಳೆದು ಕಳಿಸಿದ್ದೇನೆ: ತಾರೀಖು, ಎಷ್ಟು ಗೀರು, ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ, ತೂಕ, ನಿದ್ದೆ, ಕೈ ಹೇಗಿದೆ. ಜೊತೆಗೆ ಲ್ಯಾಬಿನ ಹಳೆಯ ಸಕ್ಕರೆ ನೋಡುವ ಯಂತ್ರವೂ ಇದೆ. ಯೂನಿಟ್ ಎಂದರೆ ದೊಡ್ಡ ವಿದ್ಯೆಯಲ್ಲ, ಸಿರಿಂಜಿನ ಮೇಲಿನ ಗೀರು. ಸಣ್ಣವರಿದ್ದಾಗ ಅಪ್ಪ ಕುರಿಗೆ ಲಸಿಕೆ ಹಾಕುವಾಗ ನಾವಿಬ್ಬರೂ ಗಟ್ಟಿಯಾಗಿ ಎಣಿಸುತ್ತಿದ್ದೆವಲ್ಲ, ಅದೇ ಗೀರು. ಹತ್ತು ಅಂದರೆ ಹತ್ತು. ಹನ್ನೊಂದನೆಯ ಗೀರು ಮುಟ್ಟಿದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ಸಕ್ಕರೆ ನೂರ ಹತ್ತು ದಾಟಿದ ದಿನ ನಿಲ್ಲಿಸಬೇಕು. ಇದು ನನ್ನ ಷರತ್ತು.

ಬೈಯುತ್ತಲೇ ಹೂಂ ಎಂದ
ಭಾಗ್ಯಾ


ಮೂಡಲಗಿ
28 ನವೆಂಬರ್ 2024

ಅಕ್ಕಾ,

ಎಂಬತ್ತೆರಡು ಕಿಲೋ! ಮೂರು ವಾರದಲ್ಲಿ ಮೂರು ಕಿಲೋ. ಹೊಟ್ಟೆಯಲ್ಲಿ ಬೆಂಕಿ ಹಾಕಿದ ಹಾಗೆ ಹಸಿವು. ಹತ್ತು ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ನಿದ್ದೆಯಂತೂ ಕಲ್ಲು ಬಿದ್ದಂತೆ. ಸಕ್ಕರೆ ತೊಂಬತ್ತಾರು, ತೊಂಬತ್ತೊಂಬತ್ತು, ನೂರಾ ನಾಲ್ಕು. ಎಲ್ಲ ಪಟ್ಟಿಯಲ್ಲಿದೆ, ಈ ಕಾಗದದ ಜೊತೆ ನಕಲು ಇಟ್ಟಿದ್ದೇನೆ. ಗೀರಿನ ಮನೆಯಲ್ಲಿ ದಿನವೂ ಹತ್ತು. ನಿನ್ನ ಮೇಲಾಣೆ, ಒಂದೂ ಹೆಚ್ಚಿಲ್ಲ.

ನಿನ್ನ ಪಟ್ಟಿ ನೋಡಿ ವಸ್ತಾದರು ಕುಣಿದಾಡಿದರು. "ನೋಡ್ರಿ, ಪ್ರಭುನ ಅಕ್ಕ ಲ್ಯಾಬಿನ್ಯಾಕಿ. ಆಕಿನ ಬರದ ಕೊಟ್ಟಾಳ ಅಂದ ಮ್ಯಾಲ ಅಂಜೂದ ಏನೈತಿ?" ಎಂದು ಅದರ ಝೆರಾಕ್ಸ್ ತೆಗೆಸಿ ಗೋಡೆಗೆ ಅಂಟಿಸಿದ್ದಾರೆ. ಈಗ ಹನ್ನೊಂದೂ ಮಂದಿಯ ಹೆಸರು ಅದರಲ್ಲಿದೆ. ಚುಚ್ಚುವವನು ನಾನೇ. ಕುರಿಗೆ ಚುಚ್ಚಿ ಪಳಗಿದ ಕೈ, ನೋವೇ ಆಗುವುದಿಲ್ಲ ಎಂದು ಎಲ್ಲರೂ ನನ್ನ ಮುಂದೆ ಸಾಲು ನಿಲ್ಲುತ್ತಾರೆ. ವಸ್ತಾದರು ಕೊಟ್ಟ ಸಣ್ಣ ಸೂಜಿಗಳು ಮೊದಲ ವಾರಕ್ಕೇ ಮುಗಿದವು. ನಾಗನೂರಿಗೆ ಹೋದವನು ಮನೆಯಿಂದ ಒಂದು ಕಟ್ಟು ಸಿರಿಂಜು ತಂದೆ.

ಸಕ್ಕರೆ ನೋಡುವ ಯಂತ್ರ ಒಂದೇ ಇರುವುದರಿಂದ ನಾನು ಮಾತ್ರ ನೋಡಿಕೊಳ್ಳುತ್ತೇನೆ. ಉಳಿದವರ ಸಕ್ಕರೆಯ ಮನೆ ಖಾಲಿ ಇದೆ.

ಉಂಗುರ ತೆಗೆದಿಟ್ಟಿದ್ದೇನೆ, ಬೆರಳಿಗೆ ಬಿಗಿಯಾಗಿತ್ತು.

ಎಂಬತ್ತೆರಡು ಕಿಲೋದ
ಪ್ರಭು


ಗೋಕಾಕ
12 ಡಿಸೆಂಬರ್ 2024

ಪ್ರಭು,

ನನ್ನ ಕೈಬರಹವನ್ನು ಗೋಡೆಗೆ ಅಂಟಿಸಲಿಕ್ಕೆ ಯಾರು ಹೇಳಿದರು? ಅದು ನಿನಗೆ ಬರೆದದ್ದು. ಕೂಡಲೇ ಕಿತ್ತು ಹಾಕು. ಬೇರೆಯವರಿಗೆ ಚುಚ್ಚುವ ಉಸಾಬರಿ ನಿನಗೆ ಬೇಡ.

ಹತ್ತು ಗೀರಿಗೆ ಮೂರು ವಾರದಲ್ಲಿ ಉಂಗುರ ಬಿಗಿಯಾಗಬಾರದು. ಇಷ್ಟು ಹಸಿವೂ ಆಗಬಾರದು. ನಾನು ಇಲ್ಲಿಯ ಡಾಕ್ಟರರನ್ನು ಯಾರದೋ ಕೇಸು ಎಂಬಂತೆ ಕೇಳಿದೆ. ಅವರೂ ಹುಬ್ಬು ಗಂಟಿಕ್ಕಿದರು. ಸೀಸೆಯಲ್ಲಿ ಬರೆದದ್ದೇ ಇದೆಯೋ ಬೇರೇನೋ ಇದೆಯೋ ಯಾರಿಗೆ ಗೊತ್ತು? ಬರುವ ಅಮಾವಾಸ್ಯೆಗೆ ತಾಲೀಮಿಗೆ ರಜೆಯಲ್ಲವೇ, ಖಾಲಿ ಹೊಟ್ಟೆಯಲ್ಲಿ ಗೋಕಾಕಕ್ಕೆ ಬಾ. ರಕ್ತ ತೆಗೆದು ಬೆಳಗಾವಿಗೆ ಕಳಿಸುತ್ತೇನೆ.

ಪಟ್ಟಿಯಲ್ಲಿ 'ಕೈ' ಎಂಬ ಮನೆಯನ್ನು ಕೊನೆಯ ಹತ್ತು ದಿನ ಖಾಲಿ ಬಿಟ್ಟಿದ್ದೀ. ಯಾಕೆ?

ದಾರಿ ಕಾಯುವ
ಭಾಗ್ಯಾ


ಮೂಡಲಗಿ
2 ಜನವರಿ 2025

ಅಕ್ಕಾ,

ಈ ಅಕ್ಷರ ಇಷ್ಟು ಚೆಂದ ಇರುವುದು ಯಾಕೆಂದರೆ ಬರೆಯುತ್ತಿರುವವನು ಹನಮಂತ, ಹೇಳುತ್ತಿರುವವನು ನಾನು. ನನ್ನ ಬಲಗೈಯ ಮೂರು ಬೆರಳಿಗೆ ಪೆನ್ನು ಹಿಡಿದದ್ದೇ ತಿಳಿಯುವುದಿಲ್ಲ. ಅಮಾವಾಸ್ಯೆಗೆ ವಸ್ತಾದರು ಬಿಡಲಿಲ್ಲ. "ಈಗ ರಕ್ತಾ ಗಿಕ್ತಾ ಏನೂ ಬ್ಯಾಡ. ಇನ್ನ ಒಂದೂವರಿ ತಿಂಗಳು," ಎಂದರು. ನಿನ್ನ ಸಕ್ಕರೆ ಯಂತ್ರಕ್ಕೆ ಸಿಕ್ಕಿಸುವ ಸ್ಟ್ರಿಪ್ಪುಗಳು ಮುಗಿದಿವೆ. ಕೊನೆಗೆ ನೋಡಿದಾಗ ಸಕ್ಕರೆ ನೂರಾ ಹದಿನೆಂಟು ಇತ್ತು. ಷರತ್ತು ಮರೆತಿಲ್ಲ, ಸಿಟ್ಟಾಗಬೇಡ. ತೂಕ ಎಂಬತ್ತೈದೂವರೆ ಆಗಿದೆ, ಇನ್ನು ಅರ್ಧ ಕಿಲೋ ಅಷ್ಟೇ. ಮೊನ್ನೆ ಕನ್ನಡಿ ನೋಡಿಕೊಂಡೆ. ಮುಖ ನನ್ನದೇ, ಆದರೆ ಯಾರೋ ಅಣ್ಣನ ಹಾಗೆ ಕಂಡಿತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸೀಸೆ ಸಾಲುತ್ತಿಲ್ಲ. ಒಬ್ಬನಿಗೆ ಎರಡು ದಿನಕ್ಕೆ ಒಂದು ಬೇಕಾಗುತ್ತದೆ. ಹೆದ್ದಾರಿಯ ಲಾರಿಯಲ್ಲಿ ಬರುವ ಡಬ್ಬಿಯನ್ನು ಹನಮಂತನೇ ಯಮಕನಮರಡಿಗೆ ಹೋಗಿ ತರುತ್ತಾನೆ. ತಾಯಿಯನ್ನೂ ನೋಡಿದಂತಾಗುತ್ತದೆ ಎಂದು ಖುಷಿ ಅವನಿಗೆ.

ಪ್ರಭು

(ಅಕ್ಕಾರ, ಇದು ನಾ ಹನಮಂತ ಬರಿಯಾಕತ್ತೇನ್ರಿ. ನಿಮ್ಮ ತಮ್ಮ ಹೊರಗ ಹೋಗ್ಯಾನ. ಒಂದ ಮಾತು ಕೇಳೂದಿತ್ತು. ನನಗ ಈಗೀಗ ನೀರಡಿಕಿ ಭಾಳ. ಒಂದ ಕೊಡ ನಾನ ಖಾಲಿ ಮಾಡತೇನಿ, ರಾತ್ರಿ ನಾಕೈದ ಸಲ ಏಳತೇನಿ. ಎಲ್ಲಾರೂ ತೂಕ ಏರಾಕತ್ತಾರ, ನಾ ಒಬ್ಬಾವ ಇಳಿಯಾಕತ್ತೇನಿ. ಇದು ಔಷಧ ಹತ್ತಿದ ಲಕ್ಷಣ ಅಂತಾರ ವಸ್ತಾದರು. ಖರೆ ಏನ್ರಿ? ನಮ್ಮವ್ವಗ ತಿಳಿಸಬ್ಯಾಡ್ರಿ.)


ಗೋಕಾಕ
8 ಜನವರಿ 2025

ಪ್ರಭು,

ಮೊನ್ನೆ ಸೋಮವಾರ ತಾಲೀಮಿಗೆ ಬಂದಾಗ ವಸ್ತಾದರು ನಮ್ಮಿಬ್ಬರ ನಡುವೆ ಕಂಬದ ಹಾಗೆ ನಿಂತಿದ್ದರು. ರಕ್ತ ತೆಗೆಯಲಿಕ್ಕೆ ಬಿಟ್ಟದ್ದೇ ದೊಡ್ಡದು. ಅವರೆದುರು ನಿನ್ನ ಕಿವಿಯಲ್ಲಿ ಅವಸರದಿಂದ ಹೇಳಿದ್ದು ನಿನಗೆ ಪೂರ್ತಿ ತಿಳಿಯಿತೋ ಇಲ್ಲವೋ, ಬಿಡಿಸಿ ಬರೆಯುತ್ತೇನೆ.

ಎರಡು ಎಂ.ಎಲ್. ಸೀಸೆ ಒಬ್ಬನಿಗೆ ಇಪ್ಪತ್ತು ದಿನ ಬರಬೇಕು. ನಿಮಗೆ ಎರಡು ದಿನ ಬರುತ್ತದೆ ಎಂದು ಓದಿ, ಸಿರಿಂಜು ನೋಡಲಿಕ್ಕೆಂದೇ ನಾನು ಬಸ್ಸು ಹತ್ತಿದ್ದು. ಸಕ್ಕರೆ ಕಾಯಿಲೆಯವರ ಸಣ್ಣ ಸಿರಿಂಜಿನಲ್ಲಿ ಒಂದು ಎಂ.ಎಲ್. ಅನ್ನು ನೂರು ಗೀರು ಮಾಡಿರುತ್ತಾರೆ. ಅಲ್ಲಿ ಹತ್ತು ಗೀರು ಎಂದರೆ ಒಂದು ಎಂ.ಎಲ್‌.ನ ಹತ್ತನೇ ಒಂದು ಪಾಲು. ನೀನು ಮನೆಯಿಂದ ತಂದದ್ದು ಅಪ್ಪ ಕುರಿಗೆ ಚುಚ್ಚುವ ಸಿರಿಂಜು. ಅದರಲ್ಲಿ ಹತ್ತು ಗೀರಿಗೇ ಒಂದು ಎಂ.ಎಲ್. ತುಂಬುತ್ತದೆ. ಆರೇಳು ವಾರದಿಂದ ನೀವೆಲ್ಲ ಹೇಳಿದ್ದಕ್ಕಿಂತ ಹತ್ತು ಪಟ್ಟು ಚುಚ್ಚಿಕೊಂಡಿದ್ದೀರಿ. ನೀನು ಸುಳ್ಳು ಬರೆದಿರಲಿಲ್ಲ. ನಾನು ಆ ಪಟ್ಟಿಯನ್ನು ನೋಡಿ ನೋಡಿ ಗೀರಿನ ವಿಷಯದಲ್ಲಿ ನೆಮ್ಮದಿಯಾಗಿದ್ದೆ.

'ಅದೇ ಗೀರು' ಎಂದು ಬರೆದವಳು ನಾನು. ಯೂನಿಟ್ ಎಂದೇ ಬರೆದಿದ್ದರೆ ನೀನು ಯಾರನ್ನಾದರೂ ಕೇಳುತ್ತಿದ್ದೆ. ತಿಳಿದವಳೆಂಬ ಸೊಕ್ಕಿನಲ್ಲಿ ಮನೆಯ ಮಾತು ಬಳಸಿದೆ.

ನಿನ್ನ ಖಾಲಿಹೊಟ್ಟೆಯ ಸಕ್ಕರೆ ನೂರಾ ನಲವತ್ತೊಂದು. ಈಗಲೂ ಬಿಟ್ಟರೆ ಇಳಿಯುತ್ತದೆ, ಡಾಕ್ಟರರನ್ನು ಕೇಳಿದ್ದೇನೆ. ಈ ಪತ್ರ ಸಿಕ್ಕ ದಿನವೇ ಅವ್ವನಿಗೆ ಆರಾಮಿಲ್ಲ ಎಂದು ಹೇಳಿ ನಾಗನೂರಿಗೆ ಹೊರಟುಬಿಡು. ಗೀರಿನ ವಿಷಯ ಅಲ್ಲಿ ಬಾಯಿ ಬಿಡಬೇಡ. ಹನ್ನೊಂದು ಮಂದಿಗೆ ಚುಚ್ಚಿದ ಕೈ ನಿನ್ನದು. ಯಾರಿಗಾದರೂ ಏನಾದರೂ ಆದರೆ ವಸ್ತಾದರು ನಿನ್ನನ್ನೇ ಮುಂದೆ ನೂಕುತ್ತಾರೆ. ಗೋಡೆಯ ಮೇಲೆ ನನ್ನ ಅಕ್ಷರವೂ ಇದೆ.

ಮೊದಲು ನೀನು ಹೊರಗೆ ಬಾ. ಉಳಿದದ್ದು ಆಮೇಲೆ.

ಭಾಗ್ಯಾ


ನಾಗನೂರ
15 ಜನವರಿ 2025

ಅಕ್ಕಾ,

ಮನೆಗೆ ಬಂದು ನಾಲ್ಕು ದಿನವಾಯಿತು. ಕುಸ್ತಿ ಹತ್ತಿರ ಬಂದಾಗ ಹೊರಟನೆಂಬ ಸಿಟ್ಟಿಗೆ ವಸ್ತಾದರು ನನ್ನ ಮೊಬೈಲು ಕೊಡಲಿಲ್ಲ. ಅವ್ವನ ಫೋನು ಗೊತ್ತಲ್ಲ, ಕಿವಿ ಮಂದವೆಂದು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಓಣಿಗೆಲ್ಲ ಕೇಳುತ್ತದೆ. ಅದಕ್ಕೇ ಮತ್ತೆ ಕಾಗದ. ಪೆನ್ನು ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದೇನೆ, ಸಾಲು ಏರುಪೇರಾದರೆ ಹೊಂದಿಸಿ ಓದಿಕೋ.

ಚುಚ್ಚುವುದು ನಿಂತ ಮೇಲೆ ಹಸಿವು ಇಳಿದಿದೆ. ಬೆರಳಿನ ಜೋಮು ಹಾಗೇ ಇದೆ. ಅಪ್ಪ ನನ್ನ ಮುಖ ನೋಡಿ, "ಏನ್ಲೇ, ಮಾರಿ ಯಾಕ ಹಿಂಗ ಉಬ್ಬೇತಿ?" ಎಂದ. ತಾಲೀಮಿನ ಹಾಲು ತುಪ್ಪ ಎಂದೆ. ಅವ್ವ ದೃಷ್ಟಿ ತೆಗೆದಳು.

ಹೊರಡುವ ದಿನ ಹನಮಂತ ನನ್ನ ಗಂಟು ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದ. ಫರ್ಲಾಂಗು ನಡೆಯುವುದರಲ್ಲಿ ಎರಡು ಕಡೆ ಕೂತ. ಪಕ್ಕೆಯ ಎಲುಬು ಎಣಿಸುವ ಹಾಗಾಗಿದ್ದಾನೆ. ಹತ್ತಿರ ಬಂದು ಮಾತಾಡಿದರೆ ಕೊಳೆತ ಬಾಳೆಹಣ್ಣಿನ ವಾಸನೆ ಬರುತ್ತದೆ ಅವನ ಬಾಯಿಂದ. "ಅಕ್ಕಾರು ನನಗ ಏನರ ಬರದಾರೇನು?" ಎಂದು ಕೇಳಿದ. ಇಲ್ಲ ಎಂದೆ. "ಇರ್ಲಿ ಬಿಡು, ಅವ್ರಿಗೂ ಕೆಲಸ ಇರ್ತೈತಿ," ಎಂದ. ನನ್ನ ನಾಲಿಗೆಯ ತುದಿಗೆ ಬಂದಿತ್ತು, ನೀನು ಹೇಳಿದ್ದಕ್ಕೆ ನುಂಗಿಕೊಂಡೆ. ಈಗ ನನ್ನ ಬದಲು ಅವನೇ ಚುಚ್ಚುತ್ತಾನೆ. ಅದೇ ಸಿರಿಂಜು, ಅದೇ ಹತ್ತು. ನಾನೇ ಕಲಿಸಿಕೊಟ್ಟೆ.

ಅಕ್ಕಾ, ಅವನಿಗೆ ಹೇಳಲೇ? ಒಂದು ಸಾಲು ಬರೆ ಸಾಕು. ನಾಳೆಯೇ ಹೋಗುತ್ತೇನೆ.

ಪ್ರಭು


ಗೋಕಾಕ
20 ಜನವರಿ 2025

ಪ್ರಭು,

ಬೆಳಗಾವಿಯಿಂದ ವರದಿ ಬಂತು. ಹಾರ್ಮೋನ್ ನಿನ್ನ ವಯಸ್ಸಿಗೆ ಇರಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಇದೆ. ಮೂರು ತಿಂಗಳಲ್ಲಿ ತಾನಾಗಿ ಇಳಿಯಬೇಕು ಎಂದಿದ್ದಾರೆ. ಬೆರಳೂ ಸರಿಹೋಗುತ್ತದೆ. ಎರಡು ವಾರದಿಂದ ಇವತ್ತೇ ನಾನು ಸರಿಯಾಗಿ ಊಟ ಮಾಡಿದ್ದು.

ಹನಮಂತನ ವಿಷಯ ಈಗ ಬೇಡ. ಅವನನ್ನು ಯಾವುದಾದರೂ ಆಸ್ಪತ್ರೆಗೆ ತೋರಿಸಬೇಕು, ಅದು ನಿಜ. ಆದರೆ ಅದು ವಸ್ತಾದರ ಕೆಲಸ. ಅವರಿಗೆ ಕಣ್ಣಿಲ್ಲವೇ? ನೀನು ಹೋಗಿ ಗೀರಿನ ಮಾತು ಎತ್ತಿದರೆ ಆ ಗೋಡೆಯ ಮುಂದೆ ಪೊಲೀಸರು ನಿಲ್ಲುತ್ತಾರೆ. ನಿನ್ನ ಕುಸ್ತಿ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ಅಪ್ಪ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಹುಕ್ಕೇರಿ ಕುಸ್ತಿ ಮುಗಿದರೆ ಎಲ್ಲರೂ ತಾವಾಗಿಯೇ ಬಿಡುತ್ತಾರೆ. ಇನ್ನು ನಾಲ್ಕು ವಾರ.

ನನ್ನನ್ನು ಕೆಟ್ಟವಳೆಂದುಕೋ, ಪರವಾಗಿಲ್ಲ. ನನಗೆ ಇರುವ ತಮ್ಮ ನೀನೊಬ್ಬನೇ.

ಭಾಗ್ಯಾ


ಯಮಕನಮರಡಿ
6 ಫೆಬ್ರುವರಿ 2025

ಅಕ್ಕಾ,

ಹನಮಂತ ತೀರಿಕೊಂಡ. ಒಂದನೇ ತಾರೀಖು ಶನಿವಾರ ಮುಂಜಾನೆ ದಂಡ ಬೈಠಕ್ ಹೊಡೆಯುತ್ತ ಅಖಾಡದ ಮಣ್ಣಿನಲ್ಲಿ ಕುಸಿದನಂತೆ. ವಸ್ತಾದರು ಪಿತ್ತ ಎಂದು ಲಿಂಬೆಹಣ್ಣಿನ ಶರಬತ್ತು ಕುಡಿಸಿದರಂತೆ, ಸಕ್ಕರೆ ಹಾಕಿ. ಮಧ್ಯಾಹ್ನ ಉಸಿರು ಜೋರಾದ ಮೇಲೆ ಗಾಡಿಗೆ ಹಾಕಿದರು. ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದಾಗ ಯಂತ್ರ ಅಂಕಿಯನ್ನೇ ತೋರಿಸಲಿಲ್ಲವಂತೆ, ಅಷ್ಟು ಏರಿತ್ತು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ತಂದೆಯ ಕಾಯಿಲೆ ಮಗನಿಗೂ ಬಂತು ಎಂದು ಎಲ್ಲರೂ ಹೇಳಿದರು. ವಸ್ತಾದರು ಅದನ್ನೇ ಹಿಡಿದುಕೊಂಡಿದ್ದಾರೆ. ತಾಲೀಮಿನ ಗೋಡೆ ಈಗ ಖಾಲಿ ಇದೆ, ಸುಣ್ಣ ಬಳಿಸಿದ್ದಾರೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಮ್ಮಿಬ್ಬರ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನೀನು ಬಯಸಿದ ಹಾಗೆಯೇ ಆಗಿತ್ತು.

ನನಗೆ ಆಗಲಿಲ್ಲ. ನಿನ್ನೆ ಇಲ್ಲಿಗೆ ಬಂದೆ. ಅಲ್ಲವ್ವನ ಮನೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಇದೆ. ಗೆಳೆಯ ಎಂದು ಗುರುತು ಹಿಡಿದು ಒಳಗೆ ಕರೆದು ನೀರು ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಸೀಸೆ, ಸಿರಿಂಜು, ಗೀರು, ನೀನು ಬಂದು ನನ್ನ ರಕ್ತ ತೆಗೆದದ್ದು, ನಾನು ಹೊರಟು ಬಂದದ್ದು. ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಹತ್ತ ಪಟ್ಟ ಹೆಚ್ಚಾಗೇತಿ ಅಂತ ನಿಮಗ ಯಾವಾಗ ಗೊತ್ತಾತು?" ಎಂದು ಕೇಳಿದಳು.

"ಜನೇವರಿ ಆರಕ್ಕ," ಎಂದೆ.

ಬೆರಳು ಮಡಿಚಿ ಎಣಿಸಿದಳು. ಒಮ್ಮೆ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದಳು. "ಇಪ್ಪತ್ತಾರ ದಿನಾ," ಎಂದಳು. "ಅದರಾಗ ಎರಡ ಸಲ ಡಬ್ಬಿ ಒಯ್ಯಾಕ ಇಲ್ಲಿಗೆ ಬಂದಿದ್ದ. ಇಲ್ಲೇ ಕುಂತಿದ್ದ, ನೀ ಕುಂತಲ್ಲೆ. ಅವ್ವಾ, ನೀರ ಕೊಡು, ನೀರ ಕೊಡು ಅನ್ನಾಕತ್ತಿದ್ದ. ನಾ ಕೊಡಾಕತ್ತಿದ್ದೆ." ನಾನು ಕುಡಿದಿಟ್ಟ ತಂಬಿಗೆ ಎತ್ತಿಕೊಂಡು, "ನಿಮ್ಮ ಅಕ್ಕ ಅಂದು ಅಲ್ಲಿಗೆ ಬಂದಾಗ ನನ್ನ ಮಗನ್ನ ನೋಡಿದ್ಲೇನು?" ಎಂದಳು.

ನೋಡಿದ್ದಳು ಎಂದೆ. ನೀನು ನನ್ನ ತೋಳಿಗೆ ಪಟ್ಟಿ ಬಿಗಿಯುವಾಗ ಅವನೇ ತಾನೇ ಬಟ್ಟಲು ಹಿಡಿದು ಬಾಜೂ ನಿಂತಿದ್ದವನು? "ಅಕ್ಕಾರ, ನಂದೂ ಒಂಚೂರ ತಗೀರಿ," ಎಂದು ತೋಳು ಮುಂದೆ ಚಾಚಿದ್ದ. ಆಮೇಲೆ ನೋಡೋಣ ಎಂದು ನೀನು ಚೀಲ ಮುಚ್ಚಿದೆ. ಅದನ್ನು ಅಲ್ಲವ್ವನಿಗೆ ಹೇಳಲಿಕ್ಕೆ ಮಾತ್ರ ನನ್ನಿಂದ ಆಗಲಿಲ್ಲ.

ನಾಳೆ ಠಾಣೆಗೆ ಹೋಗಿ ನಾನು ಮಾಡಿದ್ದನ್ನು ಹೇಳುತ್ತೇನೆ. ನಿನ್ನದನ್ನು ನಾನು ಹೇಳುವುದಿಲ್ಲ. ನೀನು ಬರುತ್ತೀ ಎಂದು ಅಲ್ಲವ್ವನಿಗೆ ಹೇಳಿದ್ದೇನೆ. ಗೋಕಾಕದಿಂದ ಬಂದರೆ ಹುಕ್ಕೇರಿಯಲ್ಲಿ ಬಸ್ಸು ಬದಲಿಸಬೇಕು. ಹುಕ್ಕೇರಿಯ ಬಸ್ಸು ಬಂದು ನಿಂತಾಗಲೆಲ್ಲ ಆಕೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ಇಳಿಯುವ ಹೆಂಗಸರ ಮುಖ ನೋಡುತ್ತಾಳೆ. ಇವತ್ತು ಬೆಳಗಿನಿಂದ ಏಳು ಸಲ ನೋಡಿದಳು.

ಪ್ರಭು